ಡೀಸೆಲ್ ಎಂಜಿನ್: ಮೊದಲ ಸುತ್ತಿನ ಸಾಲ

ಮುಂಜಾನೆಯ ಚಳಿಯಲ್ಲಿ ಲಾರಿಯ ಚಾಲಕ ಕೀಲಿ ತಿರುಗಿಸುತ್ತಾನೆ. 'ಟಿಕ್' ಎಂಬ ಸದ್ದು ಬಿಟ್ಟರೆ ಬೇರೇನೂ ಇಲ್ಲ. ರಾತ್ರಿಯಿಡೀ ಉರಿದ ದೀಪ ಬ್ಯಾಟರಿಯನ್ನು ಬರಿದು ಮಾಡಿದೆ. ಕ್ಲೀನರ್ ರಸ್ತೆಗಿಳಿದು, ಕೈ ಅಡ್ಡ ಹಾಕಿ ಇನ್ನೊಂದು ಲಾರಿಯನ್ನು ನಿಲ್ಲಿಸುತ್ತಾನೆ. ದಪ್ಪನೆಯ ಎರಡು ವೈರುಗಳಿಂದ ಅದರ ಬ್ಯಾಟರಿಯನ್ನು ಇದಕ್ಕೆ ಜೋಡಿಸುತ್ತಾರೆ. ಕೆಲವು ನಿಮಿಷಗಳಲ್ಲಿ ಎಂಜಿನ್ ಗುಡುಗುತ್ತದೆ. ವೈರು ಬಿಚ್ಚಿ ಇಬ್ಬರೂ ತಮ್ಮ ತಮ್ಮ ದಾರಿ ಹಿಡಿಯುತ್ತಾರೆ.

ಇದರಲ್ಲಿ ಒಂದು ಸೋಜಿಗವಿದೆ. ಪೆಟ್ರೋಲ್ ಎಂಜಿನ್ನಿಗೆ ಪ್ರತಿ ಸಲವೂ ವಿದ್ಯುತ್ ಕಿಡಿ ಬೇಕು. ಡೀಸೆಲ್ ಎಂಜಿನ್ನಿಗೆ ಕಿಡಿಯೇ ಬೇಡ. ಹಾಗಿದ್ದೂ ಬ್ಯಾಟರಿ ಸತ್ತಾಗ ಹೆಚ್ಚು ಪರದಾಡುವುದು ಡೀಸೆಲ್ ವಾಹನವೇ. ಏಕೆ?

ಸೈಕಲ್ಲಿಗೆ ಗಾಳಿ ಹೊಡೆಯುವಾಗ ಪಂಪಿನ ಬುಡ ಬಿಸಿಯಾಗುವುದನ್ನು ಎಲ್ಲರೂ ಬಲ್ಲರು. ಡೀಸೆಲ್ ಎಂಜಿನ್ನಿನ ತತ್ವವೂ ಅದೇ. ಸಿಲಿಂಡರಿನ ಗಾಳಿಯನ್ನು ಹದಿನೈದು, ಇಪ್ಪತ್ತು ಪಟ್ಟು ಒತ್ತಿದಾಗ ಅದರ ಉಷ್ಣತೆ 500 ಡಿಗ್ರಿ ಸೆಲ್ಸಿಯಸ್ ದಾಟುತ್ತದೆ. ಆಗ ಒಳಗೆ ಚಿಮ್ಮುವ ಎಣ್ಣೆ ತಾನಾಗಿಯೇ ಹೊತ್ತಿಕೊಳ್ಳುತ್ತದೆ. ಆದರೆ ಗಾಳಿಯನ್ನು ಹಾಗೆ ಒತ್ತಲು ಬಹಳ ಬಲ ಬೇಕು. ನಿಧಾನವಾಗಿ ಒತ್ತಿದರೆ ಶಾಖವೆಲ್ಲ ತಣ್ಣನೆಯ ಕಬ್ಬಿಣಕ್ಕೆ ಸೋರಿಹೋಗುತ್ತದೆ. ಹಾಗಾಗಿ ಬಲದ ಜತೆಗೆ ವೇಗವೂ ಬೇಕು. ಬೆಂಕಿಯನ್ನು ತಾನೇ ಹುಟ್ಟಿಸಿಕೊಳ್ಳಬಲ್ಲ ಈ ಯಂತ್ರ ಮೊದಲ ಸುತ್ತನ್ನು ಮಾತ್ರ ತಾನಾಗಿ ಸುತ್ತಲಾರದು. ಆ ಬಲವನ್ನು ಯಾರಾದರೂ ಸಾಲ ಕೊಡಬೇಕು.

ಈ ಸಾಲದ ಕಥೆ ಎಂಜಿನ್ನಿನ ಹುಟ್ಟಿನಿಂದಲೇ ಆರಂಭವಾಗುತ್ತದೆ. ರುಡಾಲ್ಫ್ ಡೀಸೆಲ್‌ಗೆ ಜರ್ಮನಿಯಲ್ಲಿ ಪೇಟೆಂಟ್ ದೊರೆತದ್ದು 1893ರಲ್ಲಿ. ಅದೇ ವರ್ಷದ ಆಗಸ್ಟ್ 10ರಂದು ಔಗ್ಸ್‌ಬರ್ಗಿನ ಕಾರ್ಖಾನೆಯಲ್ಲಿ ಮೊದಲ ಪ್ರಯೋಗ ನಡೆಯಿತು. ಎಂಜಿನ್ನನ್ನು ತಿರುಗಿಸಿದ್ದು ಕಾರ್ಖಾನೆಯ ಯಂತ್ರಗಳನ್ನೆಲ್ಲ ಓಡಿಸುತ್ತಿದ್ದ ಷಾಫ್ಟಿಗೆ ಕಟ್ಟಿದ ಬೆಲ್ಟು. ಎಣ್ಣೆ ಹೊತ್ತಿದ ಕ್ಷಣದಲ್ಲೇ ಒತ್ತಡ ಅಳೆಯುವ ಉಪಕರಣ ಸಿಡಿದು ಚೂರುಚೂರಾಯಿತು. ಡೀಸೆಲ್ ಸ್ವಲ್ಪದರಲ್ಲಿ ಪಾರಾದ. 1894ರ ಫೆಬ್ರವರಿ 17ರಂದು ಎಂಜಿನ್ ಮೊದಲ ಬಾರಿಗೆ ಸ್ವಂತ ಬಲದಿಂದ ಸುಮಾರು ಒಂದು ನಿಮಿಷ ಓಡಿತು. ಬೆಲ್ಟು ಎಂಜಿನ್ನನ್ನು ಎಳೆಯುವ ಬದಲು ಎಂಜಿನ್ನೇ ಬೆಲ್ಟನ್ನು ಎಳೆಯತೊಡಗಿದ್ದನ್ನು ಕಂಡ ಕೆಲಸಗಾರನೊಬ್ಬ ಮಾತಿಲ್ಲದೆ ತಲೆಯ ಟೋಪಿ ತೆಗೆದನೆಂದು ಹೇಳುತ್ತಾರೆ.

ಕೈ, ಗಾಳಿ, ತೋಟಾ

ಕಾರ್ಖಾನೆಯ ಹೊರಗೆ ಬೆಲ್ಟು ಎಲ್ಲಿಂದ ತರುವುದು? ಒಂದೊಂದು ಕಡೆ ಒಂದೊಂದು ಉಪಾಯ ಬಂತು. ಹಡಗುಗಳ ಭಾರಿ ಎಂಜಿನ್ನುಗಳನ್ನು ಸಿಲಿಂಡರಿಗೆ ಒತ್ತಡದ ಗಾಳಿ ನುಗ್ಗಿಸಿ ಹೊರಡಿಸಿದರು; ಇಂದಿಗೂ ಕ್ರಮ ಅದೇ. ಅಮೆರಿಕದ ಕ್ಯಾಟರ್‌ಪಿಲ್ಲರ್ ಕಂಪೆನಿ 1931ರ ತನ್ನ ಡೀಸೆಲ್ ಟ್ರಾಕ್ಟರಿಗೆ ಪುಟ್ಟ ಪೆಟ್ರೋಲ್ ಎಂಜಿನ್ ಒಂದನ್ನು ಕೂಡಿಸಿತು. ಅದನ್ನು ಕೈಯಿಂದ ಹೊರಡಿಸಬೇಕು, ಅದು ದೊಡ್ಡದನ್ನು ಹೊರಡಿಸಬೇಕು. ಇಂಗ್ಲೆಂಡಿನ ಫೀಲ್ಡ್ ಮಾರ್ಷಲ್ ಟ್ರಾಕ್ಟರಿನಲ್ಲಿ ಬಂದೂಕಿನ ತೋಟಾದಂಥದೊಂದನ್ನು ಸಿಡಿಸಿ ಎಂಜಿನ್ ಹೊರಡಿಸುವ ಸೌಕರ್ಯವಿತ್ತು.

ಬಡವರ ಪಾಲಿಗೆ ಉಳಿದದ್ದು ತೋಳಬಲ. ಇಂಗ್ಲೆಂಡಿನ ಲಿಸ್ಟರ್ ಎಂಜಿನ್ನನ್ನೂ ರಾಜಕೋಟೆಯಲ್ಲಿ ತಯಾರಾದ ಅದರ ಪಡಿಯಚ್ಚುಗಳನ್ನೂ ನಮ್ಮ ರೈತರು ಹೀಗೆಯೇ ಬಳಸಿದರು. ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ ಹುಟ್ಟಿದ ಲಕ್ಷ್ಮಣರಾವ್ ಕಿರ್ಲೋಸ್ಕರರ ಮನೆತನ 1946ರಲ್ಲಿ ಪುಣೆಯಲ್ಲಿ ಆಯಿಲ್ ಎಂಜಿನ್ ಕಂಪೆನಿ ಸ್ಥಾಪಿಸಿತು. ಹಳ್ಳಿಗಳ ಬಾವಿಕಟ್ಟೆಗಳಲ್ಲಿ ಎಂಜಿನ್ನಿನ ಸದ್ದು ಕೇಳಿದ್ದು ಇಂಥ ಯಂತ್ರಗಳಿಂದ. ಮೇಲಿನ ಸಣ್ಣ ಸನ್ನೆಯನ್ನು ಎತ್ತಿಟ್ಟರೆ ಕವಾಟ ತೆರೆದೇ ಇರುತ್ತದೆ, ಗಾಳಿಯ ಒತ್ತಡ ಇರುವುದಿಲ್ಲ. ಹ್ಯಾಂಡಲ್ ಹಾಕಿ ಭಾರದ ಚಕ್ರ ವೇಗ ಹಿಡಿಯುವತನಕ ಸುತ್ತಬೇಕು. ಸನ್ನೆಯನ್ನು ಇಳಿಸಿದೊಡನೆ ಚಕ್ರದ ಓಟವೇ ಗಾಳಿಯನ್ನು ಒತ್ತಿ ಬೆಂಕಿ ಹೊತ್ತಿಸುತ್ತದೆ.

ಇದು ಅಪಾಯದ ಕೆಲಸವೂ ಹೌದು. ಎಂಜಿನ್ ಹಿಂದಕ್ಕೆ ಒದ್ದರೆ ಮಣಿಕಟ್ಟು ಮುರಿಯುತ್ತದೆ. ಹೆಬ್ಬೆರಳನ್ನು ಹ್ಯಾಂಡಲಿಗೆ ಸುತ್ತಿ ಹಿಡಿಯಬಾರದು, ಉಳಿದ ಬೆರಳುಗಳ ಬದಿಗೇ ಇಡಬೇಕು ಎಂಬುದು ಹಳಬರು ಹೊಸಬರಿಗೆ ಹೇಳುತ್ತಿದ್ದ ಮೊದಲ ಪಾಠ.

ಪೆಟ್ಟಿಗೆಯೊಳಗಿನ ಬಲ

ಹ್ಯಾಂಡಲಿನ ಏಟಿಗೆ ಪೆಟ್ರೋಲ್ ಕಾರುಗಳೂ ಹೊರತಾಗಿರಲಿಲ್ಲ. ಕಾರು ತಯಾರಕ ಬೈರನ್ ಕಾರ್ಟರ್ 1908ರಲ್ಲಿ ತೀರಿಕೊಂಡದ್ದು ಇಂಥದೇ ಏಟಿನಿಂದ ಎಂಬ ಕಥೆಯುಂಟು. ಕಥೆಯ ವಿವರಗಳು ಒಂದಕ್ಕೊಂದು ಕೂಡುವುದಿಲ್ಲವಾದರೂ, ಕ್ಯಾಡಿಲಾಕ್ ಕಂಪೆನಿಯ ಹೆನ್ರಿ ಲೆಲಂಡ್ ಹ್ಯಾಂಡಲಿಗೆ ಬದಲಿ ಹುಡುಕಲು ಈ ಸಾವೇ ಕಾರಣವೆಂದು ಅದು ಹೇಳುತ್ತದೆ. ಬದಲಿ ಕೊಟ್ಟವನು ಚಾರ್ಲ್ಸ್ ಕೆಟರಿಂಗ್. ಆತ ಹಿಂದೆ ಅಂಗಡಿಗಳ ನಗದು ಪೆಟ್ಟಿಗೆಗೆ ವಿದ್ಯುತ್ ಮೋಟಾರ್ ಅಳವಡಿಸಿದ್ದ. ಕ್ಷಣಕಾಲ ಮಾತ್ರ ದುಡಿಯುವ ಮೋಟಾರು ತನ್ನ ಗಾತ್ರಕ್ಕೆ ಮೀರಿದ ಬಲ ಕೊಡಬಲ್ಲದು ಎಂಬುದು ಅಲ್ಲಿ ಕಲಿತ ಪಾಠ. 1912ರ ಮಾದರಿಯ ಕ್ಯಾಡಿಲಾಕ್ ಕಾರಿನಲ್ಲಿ 'ಸೆಲ್ಫ್' ಬಂತು. ಎಂಜಿನ್ ಹೊರಟ ಮೇಲೆ ಅದೇ ಯಂತ್ರ ಬ್ಯಾಟರಿಯನ್ನು ತುಂಬುತ್ತಿತ್ತು. ಸಾಲ ಪಡೆದು, ಓಡುತ್ತ ತೀರಿಸುವ ಏರ್ಪಾಡು ಅದು.

1924ರ ಹೊತ್ತಿಗೆ ಜರ್ಮನಿಯಲ್ಲಿ ಡೀಸೆಲ್ ಲಾರಿಗಳು ರಸ್ತೆಗಿಳಿದವು; 1936ರಲ್ಲಿ ಮರ್ಸಿಡಿಸ್ 260 ಡಿ ಕಾರು ಬಂತು. ಡೀಸೆಲ್ ಎಂಜಿನ್ನಿನ ಬಿಗಿಯನ್ನು ಮುರಿಯಲು ನೂರಾರು ಆಂಪಿಯರ್ ವಿದ್ಯುತ್ ಬೇಕು. ದೊಡ್ಡ ಲಾರಿಗಳಲ್ಲಿ 12 ವೋಲ್ಟಿನ ಎರಡು ಬ್ಯಾಟರಿಗಳನ್ನು ಸಾಲಾಗಿ ಜೋಡಿಸಿ 24 ವೋಲ್ಟ್ ಪಡೆಯುವುದು ಇದಕ್ಕಾಗಿಯೇ. ಹಾಗಾಗಿ ಲಾರಿಯ 24 ವೋಲ್ಟನ್ನು ಕಾರಿನ 12 ವೋಲ್ಟಿಗೆ ಎಂದೂ ಜೋಡಿಸಬಾರದು. ಧನಕ್ಕೆ ಧನವನ್ನು ಕೂಡಿಸಿ, ಋಣದ ವೈರಿನ ಕೊನೆಯ ತುದಿಯನ್ನು ಸತ್ತ ಬ್ಯಾಟರಿಗೆ ಸಿಕ್ಕಿಸದೆ, ಅದರಿಂದ ದೂರದಲ್ಲಿ ಎಂಜಿನ್ನಿನ ಬರಿಯ ಲೋಹಕ್ಕೆ ಸಿಕ್ಕಿಸಬೇಕು. ಬ್ಯಾಟರಿಯಿಂದ ಹೊಮ್ಮುವ ಜಲಜನಕಕ್ಕೆ ಆ ಕೊನೆಯ ಜೋಡಣೆಯ ಕಿಡಿ ತಗಲಿದರೆ ಅದು ಸಿಡಿಯಬಹುದು.

ಹಳೆಯ ಡೀಸೆಲ್ ಲಾರಿಗೆ ಬ್ಯಾಟರಿ ಬೇಕಾಗಿದ್ದುದು ಹೊರಡುವುದಕ್ಕಷ್ಟೆ. ಎಣ್ಣೆಯ ಪಂಪನ್ನು ಎಂಜಿನ್ನೇ ಓಡಿಸುತ್ತಿದ್ದುದರಿಂದ ಒಮ್ಮೆ ಹೊರಟರೆ ಬ್ಯಾಟರಿಯ ಹಂಗಿಲ್ಲ. ಎಣ್ಣೆ ನಿಲ್ಲಿಸುವ ಸರಿಗೆ ಎಳೆದಾಗಲೇ ಅದು ನಿಲ್ಲುತ್ತಿತ್ತು. ಬ್ಯಾಟರಿ ಸೋತ ಗಾಡಿಯನ್ನು ಇಳಿಜಾರಿನಲ್ಲಿ ನಿಲ್ಲಿಸಿ, ಬೆಳಿಗ್ಗೆ ಉರುಳಿಸಿ ಗೇರಿಗೆ ಹಾಕಿದರೆ ಸಾಕಿತ್ತು. 1997ರಲ್ಲಿ ಕಾರುಗಳಿಗೆ ಬಂದ ಕಾಮನ್ ರೈಲ್ ವ್ಯವಸ್ಥೆಯಲ್ಲಿ ಎಷ್ಟು ಎಣ್ಣೆ, ಯಾವಾಗ ಎಂಬುದನ್ನು ನಿರ್ಧರಿಸುವುದು ಕಂಪ್ಯೂಟರ್. ಹೊಗೆ ಕಡಿಮೆಯಾಯಿತು, ಎಣ್ಣೆ ಉಳಿಯಿತು. ಆದರೆ ಬ್ಯಾಟರಿ ಪೂರ್ತಿ ಸತ್ತರೆ ಆ ಕಂಪ್ಯೂಟರಿಗೂ ಜೀವವಿಲ್ಲ. ಎಷ್ಟು ತಳ್ಳಿದರೂ ಪ್ರಯೋಜನವಿಲ್ಲ.

ಹತ್ತು ಜನ ಕೂಡಿ ತಳ್ಳುವ ದೃಶ್ಯ ಹೀಗೆ ಮರೆಯಾಗುತ್ತಿದೆ. ಔಗ್ಸ್‌ಬರ್ಗಿನ ಬೆಲ್ಟಿನ ಜಾಗದಲ್ಲಿ ಈಗ ಎರಡು ವೈರುಗಳಿವೆ. ಅವುಗಳ ಇನ್ನೊಂದು ತುದಿಯಲ್ಲಿ ಗಾಡಿ ನಿಲ್ಲಿಸಿದ ಮನುಷ್ಯನೊಬ್ಬ ಇರಬೇಕು ಎಂಬುದು ಮಾತ್ರ ಬದಲಾಗಿಲ್ಲ.