ಜಮಖಂಡಿಯಿಂದ ಜಿದ್ದಾ: ಅಂದಿನ ದಾರಿ, ಇಂದಿನ ಲೆಕ್ಕ



ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿಗಳಲ್ಲಿ ಹಜ್‌ಗೆ ಹೊರಟ ಹಿರಿಯರು ಮನೆಮನೆಗೆ ಬಂದು ‘ಕಹಾ ಸುನಾ ಮಾಫ್ ಕರೋ’ ಎಂದು ಕೇಳಿಕೊಳ್ಳುವುದನ್ನು ನೀವು ನೋಡಿರಬಹುದು. ಸಾಲ ತೀರಿಸಿ, ಮನಸ್ತಾಪ ಕಳೆದು ಹೊರಡಬೇಕೆಂಬುದು ಧರ್ಮದ ಮಾತು. ಹಿಂದೆ ಇದಕ್ಕೆ ಮತ್ತೊಂದು ಕಾರಣವೂ ಇತ್ತು: ದಾರಿ ಅಷ್ಟು ದೂರ, ಮರಳಿ ಬರುವ ಭರವಸೆ ಅಷ್ಟು ಕಡಿಮೆ.

ಜಮಖಂಡಿ, ಮುಧೋಳಗಳು 1948ರವರೆಗೆ ದೇಶೀ ಸಂಸ್ಥಾನಗಳಾಗಿದ್ದವು. ಜಮಖಂಡಿಯವರಿಗೆ ಸಮೀಪದ ರೈಲು ನಿಲ್ದಾಣ ಕುಡಚಿ. ಅಲ್ಲಿಯವರೆಗೆ ಚಕ್ಕಡಿ, ಅಲ್ಲಿಂದ ಮೀಟರ್ ಗೇಜ್ ಗಾಡಿಯಲ್ಲಿ ಮಿರಜ ದಾಟಿ ಪುಣೆ, ಪುಣೆಯಲ್ಲಿ ಗಾಡಿ ಬದಲಿಸಿ ಮುಂಬಯಿ. ಅಲ್ಲಿ ಸಾಬೂ ಸಿದ್ದೀಕ್ ಮುಸಾಫಿರ್‌ಖಾನಾದಂಥ ಕಡೆ ತಂಗಿ ಹಡಗಿಗಾಗಿ ಕಾಯಬೇಕು. ಮುಂಬಯಿಯಿಂದ ಜಿದ್ದಾಕ್ಕೆ ಸಮುದ್ರಮಾರ್ಗ ಸುಮಾರು 2,300 ನಾವಿಕ ಮೈಲಿ, ಅಂದರೆ 4,260 ಕಿ.ಮೀ. ಹಳೆಯ ಹಡಗುಗಳಿಗೆ 12ರಿಂದ 15 ದಿನ ಹಿಡಿಯುತ್ತಿತ್ತು. 1995ರಲ್ಲಿ ಈ ಹಡಗು ಯಾನ ನಿಂತಿತು. ಯಾತ್ರಿಕರೆಲ್ಲ ವಿಮಾನವನ್ನೇ ಅವಲಂಬಿಸಿದರು.

ಈಗಿನ ಲೆಕ್ಕ ನೋಡಿ. ಬೆಂಗಳೂರಿನಿಂದ ಜಿದ್ದಾಕ್ಕೆ ನೇರ ಆಕಾಶಮಾರ್ಗ ಸುಮಾರು 4,180 ಕಿ.ಮೀ., ಮುಂಬಯಿಯಿಂದ ಸುಮಾರು 3,520 ಕಿ.ಮೀ. ಬೆಂಗಳೂರಿನಿಂದ ಹೋಗಲು ಐದೂವರೆಯಿಂದ ಆರು ಗಂಟೆ ಸಾಕು. ಬರುವಾಗ ಸಾಮಾನ್ಯವಾಗಿ ಇನ್ನೂ ಕಡಿಮೆ. ಮೇಲೆ ಪಶ್ಚಿಮದಿಂದ ಬೀಸುವ ಗಾಳಿ ವಿಮಾನವನ್ನು ಹಿಂದಿನಿಂದ ನೂಕುತ್ತದೆ.

ಆದರೆ ಟಿಕೆಟ್ ಓದುವಾಗ ಹಲವರು ಎಡವುತ್ತಾರೆ. ಟಿಕೆಟ್‌ನಲ್ಲಿ ಆಯಾ ಊರಿನ ಗಡಿಯಾರದ ಸಮಯವೇ ಇರುತ್ತದೆ. ಸೌದಿಯ ಗಡಿಯಾರ ನಮ್ಮದಕ್ಕಿಂತ ಎರಡೂವರೆ ಗಂಟೆ ಹಿಂದೆ. ಬೆಳಿಗ್ಗೆ 10ಕ್ಕೆ ಬೆಂಗಳೂರು ಬಿಟ್ಟು 5 ಗಂಟೆ 45 ನಿಮಿಷ ಹಾರಿದರೆ ಜಿದ್ದಾದಲ್ಲಿ ಮಧ್ಯಾಹ್ನ 1.15 ಅಷ್ಟೇ. ಪ್ರಯಾಣ ಮೂರೂಕಾಲು ಗಂಟೆಯದೆಂದು ತಿಳಿಯಬಾರದು. ಇನ್ನೊಂದು ಮಾತು: 10ನೇ ತಾರೀಖು ರಾತ್ರಿ 12.30ರ ವಿಮಾನ ಎಂದರೆ 9ರ ಸಂಜೆಯೇ ವಿಮಾನ ನಿಲ್ದಾಣದಲ್ಲಿರಬೇಕು. 10ರ ಸಂಜೆ ಹೋದರೆ ವರ್ಷಗಳ ಕಾಲ ಕೂಡಿಟ್ಟ ಹಣ, ಜೀವಮಾನದ ಆಸೆ ಎರಡೂ ಕೈತಪ್ಪುತ್ತವೆ.

ಸೋಜಿಗವೆಂದರೆ, ನಾಲ್ಕು ಸಾವಿರ ಕಿ.ಮೀ. ಆಕಾಶಮಾರ್ಗಕ್ಕಿಂತ ಜಮಖಂಡಿಯಿಂದ ಬೆಂಗಳೂರಿಗೆ 500 ಕಿ.ಮೀ.ಗೂ ಹೆಚ್ಚಿನ ಬಸ್ಸಿನ ದಾರಿಗೇ ಹೆಚ್ಚು ಹೊತ್ತು. ಇಡೀ ರಾತ್ರಿ ಬೇಕು. ಅಂದರೆ ಸಮಯವನ್ನು ನಿರ್ಧರಿಸುವುದು ದೂರವೊಂದೇ ಅಲ್ಲ, ಸೌಲಭ್ಯವೂ ಹೌದು. ಉನ್ನತ ಶಿಕ್ಷಣಕ್ಕೆ ಊರು ಬಿಡಬೇಕಾದ ನಮ್ಮ ಹೆಣ್ಣುಮಕ್ಕಳಿಗೆ ಈ ಮಾತು ಚೆನ್ನಾಗಿ ಗೊತ್ತು.

ವಿದ್ಯಾರ್ಥಿಗಳೇ, ಹದಿನೈದು ದಿನದ ದಾರಿಯನ್ನು ಆರು ಗಂಟೆಗೆ ಇಳಿಸಿದ್ದು ಭೂಗೋಳ, ಗಣಿತ, ವಿಜ್ಞಾನ ಕಲಿತವರ ದುಡಿಮೆ. ನಿಮ್ಮ ಓಣಿಯಿಂದ ಯಾರಾದರೂ ಯಾತ್ರೆಗೆ ಹೊರಟರೆ ಅವರ ಪಕ್ಕದಲ್ಲಿ ಕುಳಿತು ಟಿಕೆಟ್ ಓದಿ ಹೇಳಿರಿ. ನೀವು ಕಲಿತ ಪಾಠಕ್ಕೆ ಅದಕ್ಕಿಂತ ಒಳ್ಳೆಯ ಪರೀಕ್ಷೆ ಇನ್ನೊಂದಿಲ್ಲ.