ಮಾಳಿಗೆಯ ಮೇಲಿನ ಮಣ್ಣಿನ ಲೆಕ್ಕ

ಆಳಂದ ತಾಲ್ಲೂಕಿನ ಸರಸಂಬಾ ಸೀಮೆಯಲ್ಲಿ ಹಳೆಯ ಮನೆಯೆಂದರೆ ಕಲ್ಲು, ಮಣ್ಣಿನ ಮಾಳಿಗೆ ಮನೆ. ಎರಡು ಮೂರು ಅಡಿ ದಪ್ಪದ ಗೋಡೆ, ಮರದ ಕಂಬ, ತೊಲೆ, ಜಂತಿ, ಹಲಗೆ. ಎಲ್ಲದರ ಮೇಲೆ ಮಣ್ಣಿನ ಹೊದಿಕೆ. ಬೇಸಿಗೆಯಲ್ಲಿ ಉಷ್ಣತೆ 40 ಡಿಗ್ರಿ ದಾಟುವ ಈ ನಾಡಿನಲ್ಲಿ ನಡುಮಧ್ಯಾಹ್ನ ಇಂಥ ಮನೆಯ ಪಡಸಾಲೆಗೆ ಕಾಲಿಟ್ಟವರಿಗೆ ಅದರ ಬೆಲೆ ತಿಳಿಯುತ್ತದೆ. ಗೋಡೆ, ಮಾಳಿಗೆಗಳು ಬಿಸಿಲನ್ನು ಮೆಲ್ಲನೆ ಹೀರುತ್ತವೆ. ಶಾಖ ಒಳಗೆ ಮುಟ್ಟುವ ಹೊತ್ತಿಗೆ ಸಂಜೆಯಾಗಿರುತ್ತದೆ. ವಿದ್ಯುತ್ತಿನ ಖರ್ಚಿಲ್ಲದ ತಂಪು ಇದು.

ಹಾಗಿದ್ದರೂ ಜನ ಇಂಥ ಮನೆಗಳಿಗೆ ಹೆದರುವುದೇಕೆ? ಉತ್ತರ 1993ರ ಸೆಪ್ಟೆಂಬರ್ 30ರ ನಸುಕಿನಲ್ಲಿದೆ. ಗಣೇಶನ ವಿಸರ್ಜನೆ ಮುಗಿಸಿ ಊರುಗಳು ಮಲಗಿದ್ದಾಗ ಲಾತೂರು ಜಿಲ್ಲೆಯ ಕಿಲ್ಲಾರಿಯಲ್ಲಿ ಭೂಮಿ ನಡುಗಿತು. ಆಳಂದದಿಂದ ಕಿಲ್ಲಾರಿ ನೇರ ದಾರಿಯಲ್ಲಿ 50 ಕಿ.ಮೀ. ಆಸುಪಾಸಿನಲ್ಲಿದೆ. ಕಂಪನದ ತೀವ್ರತೆ ಸುಮಾರು 6.2, ಸತ್ತವರು ಸುಮಾರು ಎಂಟು ಸಾವಿರ. ಬಹುತೇಕರು ತಮ್ಮದೇ ಮನೆಯ ಕಲ್ಲು, ಮಣ್ಣಿನಡಿ ಸಿಕ್ಕಿ ಸತ್ತರು.

ಅಲ್ಲಿನ ಗೋಡೆಗಳು ಹೊರಗೊಂದು, ಒಳಗೊಂದು ಸಾಲು ಕಲ್ಲಿನವು. ನಡುವೆ ತುಂಬಿದ್ದು ಚೂರುಕಲ್ಲು, ಮಣ್ಣು. ಎರಡೂ ಸಾಲುಗಳನ್ನು ಹಿಡಿದಿಡುವ ಅಡ್ಡಗಲ್ಲುಗಳಿರಲಿಲ್ಲ. ನಡುಗಿದಾಗ ಸಾಲುಗಳು ಬೇರ್ಪಟ್ಟವು. ಮೇಲಿನ ಭಾರ ಕೆಳಗಿಳಿಯಿತು.

ಆ ಭಾರ ಬಂದದ್ದಾದರೂ ಎಲ್ಲಿಂದ? ಮಳೆಗಾಲಕ್ಕೆ ಮುನ್ನ ಸೋರದಿರಲೆಂದು ಮಾಳಿಗೆಗೆ ಹೊಸ ಮಣ್ಣು ಹಾಕುವುದು ವಾಡಿಕೆ. ಹಳೆಯದನ್ನು ತೆಗೆಯುವವರು ಕಡಿಮೆ. ಅಜ್ಜ ಹಾಕಿದ ಮಣ್ಣಿನ ಮೇಲೆ ಅಪ್ಪ, ಅಪ್ಪನ ಮಣ್ಣಿನ ಮೇಲೆ ಮಗ. ಹೀಗೆ ಅದು ಎರಡಡಿಯವರೆಗೂ ಬೆಳೆದದ್ದುಂಟು. ಹತ್ತಡಿಗೆ ಹನ್ನೆರಡಡಿಯ ಕೋಣೆಯ ಮೇಲೆ ಎರಡಡಿ ಮಣ್ಣೆಂದರೆ ಹತ್ತು ಟನ್ನಿಗೂ ಹೆಚ್ಚು! ಮನೆಯನ್ನು ಕಾಪಾಡಲು ಹಾಕಿದ್ದೇ ಮನೆಗೆ ಮುಳುವಾಯಿತು.

ದುರಂತದ ನಂತರ ಮಹಾರಾಷ್ಟ್ರ ಸರ್ಕಾರ ವಿಶ್ವಬ್ಯಾಂಕಿನ ನೆರವಿನಿಂದ 52 ಹಳ್ಳಿಗಳನ್ನು ಹೊಸ ಜಾಗದಲ್ಲಿ ಕಟ್ಟಿತು. ಅಷ್ಟಾಗಿ ಹಾನಿಯಾಗದ ಕಡೆ ಸುಮಾರು 2 ಲಕ್ಷ ಮನೆಗಳ ರಿಪೇರಿ, ಬಲವರ್ಧನೆಗೆ ಮಾಲೀಕರಿಗೇ ಹಣ ಕೊಟ್ಟಿತು. ಆದರೆ ಹಲವರು ಆ ಹಣದಲ್ಲಿ ಪಕ್ಕಕ್ಕೊಂದು ಹೊಸ ಕೋಣೆ ಕಟ್ಟಿದರು. ಹಳೆಯ ಗೋಡೆ ಹಾಗೆಯೇ ಉಳಿಯಿತು. ತಗಡಿನ ಶೆಡ್ಡಿಗೆ ಹೋದವರೂ ಇದ್ದರು. ತಗಡು ಬಿದ್ದರೆ ಪ್ರಾಣಕ್ಕೆ ಅಪಾಯ ಕಡಿಮೆ, ನಿಜ. ಆದರೆ ವೈಶಾಖದ ಹಗಲಲ್ಲಿ ಅದರಡಿ ಕೂಸು, ಮುದುಕರು ಇರುವುದು ಹೇಗೆ?

ಭಯ ಇನ್ನೂ ಹಳತಾಗಿಲ್ಲ. 2021ರ ಅಕ್ಟೋಬರಿನಲ್ಲಿ ಚಿಂಚೋಳಿ ತಾಲ್ಲೂಕಿನ ಗಡಿಕೇಶ್ವರದಲ್ಲಿ 4.1 ತೀವ್ರತೆಯ ಕಂಪನವಾಗಿ ಜನ ಬಯಲಲ್ಲಿ ರಾತ್ರಿ ಕಳೆದರು. ಅದಕ್ಕೆ ಒಂದು ವರ್ಷ ಮುಂಚೆ, 2020ರ ಅಕ್ಟೋಬರಿನಲ್ಲಿ, ಭಾರಿ ಮಳೆಗೆ ಭೀಮೆ ಉಕ್ಕಿ ಅಫಜಲಪುರ, ಜೇವರ್ಗಿ ಭಾಗದ ಹಳ್ಳಿಗಳಿಗೆ ನೀರು ನುಗ್ಗಿತ್ತು. ದಿನಗಟ್ಟಲೆ ಮಳೆ ಹಿಡಿದರೆ ಮಾಳಿಗೆಯ ಮಣ್ಣು ನೀರು ಕುಡಿದು ಇನ್ನಷ್ಟು ಭಾರವಾಗುತ್ತದೆ.

ತಂಪನ್ನು ಉಳಿಸಿಕೊಂಡು ಅಪಾಯವನ್ನು ಇಳಿಸಲು ಸಾಧ್ಯ. ಕಿಲ್ಲಾರಿಯ ನಂತರ ಎಂಜಿನಿಯರುಗಳು ಹೇಳಿದ ದಾರಿ ಸರಳ. ಮೊದಲು ಜಂತಿ, ತೊಲೆಗಳಿಗೆ ಗೆದ್ದಲು ಹಿಡಿದಿದೆಯೇ ನೋಡಬೇಕು. ಕೆಳಗೆ ಆಸರೆ ಕೊಟ್ಟು ಮಾಳಿಗೆಯ ಮಣ್ಣನ್ನು ಎಂಟು ಅಂಗುಲದಷ್ಟಕ್ಕೆ ಇಳಿಸಬೇಕು. ನೀರು ಇಳಿಯದಂತೆ ಅಡಿಯಲ್ಲಿ ದಪ್ಪ ಪ್ಲಾಸ್ಟಿಕ್ ಹಾಳೆ ಹಾಸಬೇಕು. ಗೋಡೆಯಲ್ಲಿ ಅಲ್ಲಲ್ಲಿ ಆರಪಾರ ರಂಧ್ರ ತೆಗೆದು ಕಬ್ಬಿಣದ ಸರಳಿಟ್ಟು ಕಾಂಕ್ರೀಟ್ ತುಂಬಿದರೆ ಅದೇ ಅಡ್ಡಗಲ್ಲಾಗುತ್ತದೆ. ಬಾಗಿಲ ಮೇಲ್ಮಟ್ಟದಲ್ಲಿ ಸುತ್ತಲೂ ತಂತಿಬಲೆ ಬಿಗಿದು ಸಿಮೆಂಟ್ ಗಿಲಾವು ಮಾಡಿದರೆ ಗೋಡೆಗೆ ಉಡಿದಾರ ಕಟ್ಟಿದಂತೆ. ಕಂಬ, ತೊಲೆ ಕೂಡುವಲ್ಲಿ ಓರೆಯಾಗಿ ಮರದ ಆಸರೆ ಸಾಕು. ಮಾಳಿಗೆಗೆ ಸುಣ್ಣ ಬಳಿದರೆ ಬಿಸಿಲೂ ಅಷ್ಟು ಹಿಂದಿರುಗುತ್ತದೆ. ದಪ್ಪ ಗೋಡೆಯ ತಂಪು ಎಲ್ಲಿಯೂ ಹೋಗುವುದಿಲ್ಲ.

ಇವೆಲ್ಲ ಬಲ್ಲವರ ಮೇಲ್ವಿಚಾರಣೆಯಲ್ಲಿ ಆಗಬೇಕಾದ ಕೆಲಸ. ಆದರೆ ಒಂದು ಕೆಲಸ ಪ್ರತಿ ಮನೆಯವರೂ ಈ ಬೇಸಿಗೆಯಲ್ಲೇ ಮಾಡಬಹುದು: ಮಾಳಿಗೆಯ ಅಂಚಿನಲ್ಲಿ ಮಣ್ಣಿನ ದಪ್ಪ ಎಷ್ಟಿದೆ ಎಂದು ಅಳೆಯುವುದು. ಹೊಸ ಬುಟ್ಟಿ ಮಣ್ಣು ಏರಿಸುವ ಮುನ್ನ ಹಳೆಯ ಎರಡು ಬುಟ್ಟಿ ಇಳಿಸುವುದು ಒಳ್ಳೆಯದು.