ಬಿಸಿಲಿಗೇನು ಬರ?

ಕಳೆದ ವರ್ಷದಿಂದ ಅಮ್ಮ ನೆಲದಿಂದ ಏಳಬೇಕಾದರೆ ಗೋಡೆ ಹಿಡಿಯುತ್ತಿದ್ದಳು. ಸೊಂಟ, ತೊಡೆಗಳಲ್ಲಿ ನೋವು. ವಯಸ್ಸಾಯಿತಲ್ಲ ಎಂದು ನಾವೂ ಸುಮ್ಮನಿದ್ದೆವು. ಕೊನೆಗೆ ರಕ್ತ ಪರೀಕ್ಷೆ ಮಾಡಿಸಿದಾಗ ವಿಟಮಿನ್ ಡಿ ಮಿಲಿಲೀಟರಿಗೆ 9 ನ್ಯಾನೋಗ್ರಾಂ ಇತ್ತು. 20ಕ್ಕಿಂತ ಕಡಿಮೆಯಿದ್ದರೆ ಕೊರತೆ ಎಂದೇ ಲೆಕ್ಕ. ಮೂಳೆ ಮೆತ್ತಗಾಗುತ್ತಿದೆ, ಬಿಸಿಲು ಸಾಲದು ಎಂದರು ಡಾಕ್ಟರು.

"ಶ್ರೀರಂಗಪಟ್ಣದಲ್ಲಿ ಬಿಸ್ಲಿಗೇನ್ ಬರವಾ ಮಗಾ?" ಎಂದಳು ಅಮ್ಮ. ಉತ್ತರ ಹುಡುಕುತ್ತಾ ನಾನು ಈ ಕೊರತೆಯ ಚರಿತ್ರೆ ಓದತೊಡಗಿದೆ.

ಮಕ್ಕಳ ಕಾಲು ಬಿಲ್ಲಿನಂತೆ ಬಾಗುವ ರಿಕೆಟ್ಸ್ ಬಗ್ಗೆ ಇಂಗ್ಲೆಂಡಿನ ವೈದ್ಯರು ಹದಿನೇಳನೆಯ ಶತಮಾನದಲ್ಲೇ ಬರೆದಿದ್ದರು. ಕಾರ್ಖಾನೆಗಳ ಹೊಗೆ ಕವಿದ ನಗರಗಳಲ್ಲಿ ಅದು ಮನೆಮನೆಯ ಕಾಯಿಲೆಯಾಯಿತು. ಜಪಾನಿನಲ್ಲಿ ಕೆಲಸ ಮಾಡಿ ಮರಳಿದ್ದ ಥಿಯೊಬಾಲ್ಡ್ ಪಾಮ್ ಎಂಬ ವೈದ್ಯರು ಚೀನಾ, ಭಾರತ ಮೊದಲಾದ ಕಡೆಗಳಿಂದ ಮಾಹಿತಿ ತರಿಸಿಕೊಂಡು, ಬಡತನವಿದ್ದರೂ ಬಿಸಿಲಿರುವಲ್ಲಿ ಈ ರೋಗ ಅಪರೂಪ ಎಂದು 1890ರಲ್ಲಿ ಬರೆದರು. 1919ರಲ್ಲಿ ಬರ್ಲಿನ್ನಿನ ಕುರ್ಟ್ ಹುಲ್ಡ್‌ಶಿನ್‌ಸ್ಕಿ ನೇರಳಾತೀತ ದೀಪದ ಬೆಳಕಿನಿಂದಲೇ ಮಕ್ಕಳನ್ನು ಗುಣಪಡಿಸಿ ತೋರಿಸಿದರು. 1922ರಲ್ಲಿ ಅಮೆರಿಕದ ಮೆಕಾಲಮ್ ತಂಡ ಕಾಡ್ ಮೀನಿನೆಣ್ಣೆಯಲ್ಲಿ ರಿಕೆಟ್ಸ್ ತಡೆಯುವ ಅಂಶವನ್ನು ಗುರುತಿಸಿತು. ಅದಕ್ಕೆ 'ಡಿ' ಎಂಬ ಹೆಸರು ಬಂತು.

ಪಾಮ್ ಅವರ ಮಾತು ಇವತ್ತಿಗೂ ಸುಳ್ಳಲ್ಲ. ಆದರೆ ಊರಿನಲ್ಲಿ ಬಿಸಿಲಿದ್ದರೆ ಸಾಲದು, ಅದು ಮೈಗೆ ಬೀಳಬೇಕು. ನನ್ನ ಅಜ್ಜಿ ಚಿಕ್ಕದೇವರಾಯ ನಾಲೆಯ ಬಯಲಿನಲ್ಲಿ ನಾಟಿ ಹಾಕುತ್ತಿದ್ದವಳು. ಅಮ್ಮ ಮೂವತ್ತು ವರ್ಷ ಕಿಟಕಿಯ ಗಾಜಿನ ಹಿಂದೆ ಕೂತು ಬಟ್ಟೆ ಹೊಲಿದಳು. ಬೆಳಕು ಒಳಗೆ ಬರುತ್ತಿತ್ತು. ಆದರೆ ಚರ್ಮದಲ್ಲಿ ವಿಟಮಿನ್ ಡಿ ಹುಟ್ಟಿಸುವ ಕಿರಣಗಳನ್ನು ಗಾಜು ತಡೆಯುತ್ತದೆ. ಅವಳು ದಿನಾ ಉಣ್ಣುವ ರಾಗಿಮುದ್ದೆಯಲ್ಲಿ ಕ್ಯಾಲ್ಸಿಯಂ ಧಾರಾಳವಾಗಿದೆ, ನಿಜ. ವಿಟಮಿನ್ ಡಿ ಇಲ್ಲದೆ ಕರುಳು ಅದನ್ನು ಸರಿಯಾಗಿ ಹೀರಿಕೊಳ್ಳುವುದಿಲ್ಲ.

ಡಾಕ್ಟರು ವಾರಕ್ಕೊಮ್ಮೆ 60,000 ಯೂನಿಟ್‌ನಂತೆ ಎಂಟು ವಾರ ಔಷಧ ಕೊಟ್ಟರು. ಆಮೇಲೆ ಮತ್ತೆ ಪರೀಕ್ಷೆ. ನೋವು ಕಮ್ಮಿಯಾಯಿತೆಂದು ತಾವಾಗಿಯೇ ನುಂಗುತ್ತಾ ಹೋಗಬೇಡಿ, ಅತಿಯಾದರೆ ರಕ್ತದಲ್ಲಿ ಕ್ಯಾಲ್ಸಿಯಂ ಏರಿ ಮೂತ್ರಪಿಂಡ ಕೆಡುತ್ತದೆ ಎಂದು ಎಚ್ಚರಿಸಿದರು. ಎಳೆಬಿಸಿಲಿಗಿಂತ ಹನ್ನೊಂದರ ಹೊತ್ತಿನ ಬಿಸಿಲು ಹೆಚ್ಚು ಕೆಲಸ ಮಾಡುತ್ತದೆ, ನಮ್ಮಂಥ ಕಂದು ಮೈಗೆ ಅದು ಬಿಳಿಯರಿಗಿಂತ ಹೆಚ್ಚು ಹೊತ್ತು ಬೇಕು ಎಂದೂ ಹೇಳಿದರು.

ಈಗ ಹನ್ನೊಂದು ಗಂಟೆಗೆ ಅಮ್ಮ ಮೊರ ಹಿಡಿದು ಅಂಗಳದಲ್ಲಿ ಕೂರುತ್ತಾಳೆ. ಮೊನ್ನೆ ರಾಗಿ ಕೇರಿ ಮುಗಿಸಿ ಗೋಡೆ ಹಿಡಿಯದೆ ಎದ್ದಳು.